ಕಿರಣ, ಆ ಪೆಟ್ಟಿಗೆ ಸಾಮಾನಿನ ಬಗ್ಗೆ

ಕಿರಣಾ, ನೀನು ಹಾಕಿದ ಫೋಟೋ ಎಲ್ಲಾ ನೋಡ್ದೆ ಕಣೋ, ಟೈಪ್ ಮಾಡಿದ್ರೆ ಉದ್ದ ಆಗತ್ತೆ ಆದ್ರೂ ಪರವಾಗಿಲ್ಲ ಕೂತ್ಕೊಂಡು ಓದು. ದೊಡ್ಡಪ್ಪನ ಪೆಟ್ಟಿಗೇಲಿ ಸಿಕ್ಕಿದ ಹಳೇ ಬಿಡಿಭಾಗಗಳು ಯಾವ ಕಾರಿಂದು ಅಂತ ಕೇಳಿದೀಯ, ಭಾವ ಬೇರೆ ಗುಜರಿಗೆ ಹಾಕು ಅಂದಿದಾರೆ, ಭಾವ ದಯವಿಟ್ಟು ಸ್ವಲ್ಪ ತಡೀರಿ. ಯಾವ ಕಾರು ಅನ್ನೋದನ್ನ ಕೊನೇಲಿ ಕೇಳ್ಬೇಕು, ಮೊದ್ಲು ಇದು ಏನ್ ಕೆಲಸ ಮಾಡೋದು, ಯಾರ್ ಮಾಡಿದ್ದು, ಅದು ಗೊತ್ತಾಗ್ಲಿ.

ಈಗ ಆ ಮೊದಲ್ನೇ ಫೋಟೋದ ಉದ್ದ ಸಿಲಿಂಡರ್ ತರದ್ದು ಇದ್ಯಲ್ಲ, ಗೂಗಲ್ ಅದನ್ನ ಸ್ಟಾರ್ಟರ್ ಮೋಟರ್ ಅಂತು ಅಂದ್ಯಲ್ಲ, ಅಲ್ಲ ಅದು, ಡೈನಮೋ, ಅಂದ್ರೆ ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ಚಾರ್ಜ್ ಮಾಡೋದು. ಹಿಂದೆ ನೋಡು, ಎರಡು ಟರ್ಮಿನಲ್, ಒಂದು ದೊಡ್ಡದು ಒಂದು ಚಿಕ್ಕದು, ದೊಡ್ಡದು ಡಿ, ಚಿಕ್ಕದು ಎಫ್. ಲ್ಯೂಕಾಸ್ ಅಂತ ಹೆಸರು ಕಾಣ್ತಿದೆ, ಅದು ಮಾಡಿದ ಬ್ರಿಟಿಷ್ ಕಂಪನಿ, ಅದೇ ಬಾಡಿ ಮೇಲೆ ಸಿ40 ಅಂತ ಪಂಚ್ ಮಾಡಿದ್ರೆ ಅದು ಮಾಡೆಲ್ಲು, ಜೊತೆಗೆ 6 62 ಅಂತ ಏನಾದ್ರೂ ಇದ್ರೆ 1962ರ ಜೂನ್‌ನಲ್ಲಿ ತಯಾರಾಗಿದ್ದು ಅಂತ ಅರ್ಥ. ಆದ್ರೆ ಸಿ40ನ ಬ್ರಿಟಿಷ್ ಕಾರುಗಳಲ್ಲಿ ಮಾರಿಸ್ ಮೈನರ್‌ಗೂ ಹಾಕಿದಾರೆ, ಮಿನಿಗೂ ಹಾಕಿದಾರೆ, ಶುರುವಿನ ಎಂಜಿಬಿಗೂ ಹಾಕಿದಾರೆ, ಹಂಗಾಗಿ ಒಂದೇ ಕಾರಿನ ಹೆಸರು ಹೇಳು ಅಂದ್ರೆ ನಾನೇನು ಜ್ಯೋತಿಷಿನಾ!

ನಂಬರ್ ಕಾಣಿಸ್ತಿಲ್ಲ ಅಂತ ವೈರ್ ಬ್ರಶ್ ಹಾಕಿ ಉಜ್ಜಬೇಡ ಮಾರಾಯ, ಅಳಿಸಿ ಹೋದ್ರೆ ಮುಗೀತು. ಸೀಮೆಎಣ್ಣೇಲಿ ಅದ್ದಿದ ಹಳೇ ಹಲ್ಲುಜ್ಜೋ ಬ್ರಶ್‌ನಲ್ಲಿ ಗ್ರೀಸ್ ತೆಗಿ, ಒಣಗಿದ್ಮೇಲೆ ಚಾಕ್‌ಪೀಸ್ ತಿಕ್ಕಿ ಮೇಲಿಂದ ಮೆಲ್ಲಗೆ ಬಟ್ಟೇಲಿ ಒರೆಸು, ಟಾರ್ಚನ್ನ ಪಕ್ಕದಿಂದ ಓರೆಯಾಗಿ ಹಿಡಿ, ಅಕ್ಷರ ತಾನಾಗೇ ಎದ್ದು ಕಾಣತ್ತೆ.

ಎರಕದಲ್ಲೇ ಉಬ್ಬಿ ಬಂದಿರೋ ನಂಬರ್ ಬೇರೆ, ಪಾರ್ಟ್ ನಂಬರ್ ಬೇರೆ, ಇಲ್ಲೇ ಜನ ಎಡವೋದು. ಒಂದೇ ಎರಕಕ್ಕೆ ಬೇರೆ ಬೇರೆ ಕಡೆ ತೂತು ಕೊರೆದು ಎರಡು ಮೂರು ಪಾರ್ಟ್ ಮಾಡಿರ್ತಾರೆ. ಅಮೆರಿಕನ್ ಫೋರ್ಡ್‌ದಾದ್ರೆ ಮಜಾ ಇರತ್ತೆ, ಸಿ5 ಅಂತ ಶುರುವಾದ್ರೆ ಸಿ ಅಂದ್ರೆ ಅರವತ್ತರ ದಶಕ, 5 ಅಂದ್ರೆ 1965, ಮಧ್ಯದ ಅಂಕಿ 9510 ಆದ್ರೆ ಕಾರ್ಬೋರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸೋದು), 12127 ಆದ್ರೆ ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚೋದು). ಆದ್ರೆ ಆ ವರ್ಷ ಡಿಸೈನ್‌ದು, ಅದೇ ಪಾರ್ಟು ಆಮೇಲಿನ ಗಾಡೀಲೂ ಬಂದಿರಬಹುದು.

ನಟ್ಟು ಬೋಲ್ಟು ಮಿಲಿಮೀಟರ್ ಸ್ಪ್ಯಾನರಿಗೂ ಕೂರ್ತಿಲ್ಲ, ಇಂಚಿನದಕ್ಕೂ ಕೂರ್ತಿಲ್ಲ ಅಂದ್ರೆ ವಿಟ್‌ವರ್ತ್ ಅನ್ನೋ ಹಳೇ ಬ್ರಿಟಿಷ್ ಅಳತೇದು ಇರಬಹುದು, ಅದರ ಥ್ರೆಡ್ ಕೋನ 55 ಡಿಗ್ರಿ, ಮೆಟ್ರಿಕ್‌ದು 60, ಬಲವಂತವಾಗಿ ಬೇರೆ ನಟ್ ತಿರುಗಿಸಿದ್ರೆ ಥ್ರೆಡ್ ಹೋಗತ್ತೆ. ಹಾಂ, ಮೂಲೇಲಿ ಬ್ರೇಕ್ ಶೂ ಇದೆಯಲ್ಲ, ಅದರ ಧೂಳು ಊದಬೇಡ, ಅದರ ಮೇಲಿನ ಹಳೇ ಲೈನಿಂಗಲ್ಲಿ ಆಸ್ಬೆಸ್ಟಾಸ್ ಇರಬಹುದು, ಉಸಿರಲ್ಲಿ ಒಳಗೆ ಹೋದ್ರೆ ಶ್ವಾಸಕೋಶಕ್ಕೆ ಕೆಟ್ಟದ್ದು, ಒದ್ದೆ ಮಾಡಿ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಡು, ಮಕ್ಕಳ ಕೈಗೆ ಸಿಗಬಾರ್ದು.

ಕೊನೇ ಫೋಟೋದ ಆ ಗಂಟೆ ತಲೆಯ ಅಲ್ಯೂಮಿನಿಯಂದು ಎಸ್‌ಯು ಅನ್ನೋ ಬ್ರಿಟಿಷ್ ಕಂಪನಿಯ ಕಾರ್ಬೋರೇಟರ್, ಅದ್ರಲ್ಲಿ ನಂಗೆ ಅನುಮಾನ ಇಲ್ಲ. ಫ್ಲೋಟ್ ಚೇಂಬರ್ (ಪಕ್ಕದಲ್ಲಿ ಪೆಟ್ರೋಲ್ ನಿಲ್ಲೋ ಬಟ್ಟಲು) ಮುಚ್ಚಳದ ಸ್ಕ್ರೂ ಕೆಳಗೆ ಸಣ್ಣ ತಗಡಿನ ಚೀಟಿ ಸಿಕ್ಕಿಸಿರ್ತಾರೆ, ಅದ್ರಲ್ಲಿ ಎಯುಸಿ ಅಥ್ವಾ ಎಯುಡಿ ಅಂತ ನಂಬರ್, ಅದು ಸಿಕ್ಕಿದ್ರೆ ಯಾವ ಕಾರು, ಯಾವ ಎಂಜಿನ್ ಅಂತ ಪಟ್ಟಿ ನೋಡಿ ಹೇಳಬಹುದು. ಎಷ್ಟೋ ಸಲ ಬಿದ್ದೋಗಿರತ್ತೆ, ಆಗ ಗಾಳಿ ಹೋಗೋ ಬಾಯಿ ಅಳತೆ ತಗೋ, ಒಂದೂಕಾಲು ಇಂಚು ಆದ್ರೆ ಎಚ್2 ಅಥ್ವಾ ಎಚ್‌ಎಸ್2, ಒಂದೂವರೆ ಆದ್ರೆ ಎಚ್4 ಅಥ್ವಾ ಎಚ್‌ಎಸ್4, ಒಂದು ಇಂಚಿನ ಮೇಲೆ ಇಂಚಿನ ಎಂಟನೇ ಭಾಗ ಎಷ್ಟಿದ್ಯೋ ಅದೇ ಆ ಅಂಕಿ. ಒಳಗಿನ ಸೂಜಿ ಬಗ್ಗಿಸಬೇಡ, ಅದರ ದಪ್ಪ ತುದೀಲಿ ಕೂದಲೆಳೆಯಷ್ಟು ಸಣ್ಣಕ್ಕೆ ಕೋಡ್ ಇರತ್ತೆ, ಫೋನ್ ಕ್ಯಾಮೆರಾ ಝೂಮ್ ಮಾಡಿ ತೆಗಿ. ಪ್ರತಿ ಪಾರ್ಟ್ ಪಕ್ಕ ಸ್ಕೇಲ್ ಇಟ್ಟು ಮೂರು ಕಡೆಯಿಂದ ಫೋಟೋ ತೆಗೆದು ಹಾಕು, ಮೊದ್ಲು ಆ ತಗಡಿನ ಚೀಟಿ ಇದ್ಯಾ ನೋಡಿ ಹೇಳು.