ಸುನ್ನತಿ ಆಪರೇಷನ್ ಗಾಯ ಇನ್ನೂ ಮಾಯ್ತಿಲ್ಲ, ಕಾರಣ ಏನಿರಬಹುದು?

ಪ್ರಶ್ನೆ
ನನಗೆ 41 ವರ್ಷ. ಮುಂದೊಗಲು ಬಿಗಿಯಾಗಿ ಪದೇ ಪದೇ ಬಿರುಕು ಬಿಡ್ತಿತ್ತು, ಅದಕ್ಕೇ ಸುನ್ನತಿ ಮಾಡಿಸಿದ್ದು. ಎರಡನೇ ವಾರ ಮುಗೀತಾ ಬಂತು. ಕೆಳಭಾಗದಲ್ಲಿ ಊತ ಇದೆ, ಹೊಲಿಗೆ ಸುತ್ತ ತೆಳು ಹಳದಿ ಪದರ ಕಟ್ಟಿದೆ, ಒಂದು ಕಡೆ ಹೊಲಿಗೆ ಬಿಟ್ಟು ಸ್ವಲ್ಪ ಬಾಯಿ ತೆರೆದಿದೆ. ಇದು ಕೀವಾ? ದಿನಾ ಆಂಟಿಸೆಪ್ಟಿಕ್ ಹಾಕಿ ಒರೆಸುತ್ತಿದ್ದೇನೆ. ಸಿಗರೇಟು ಅಭ್ಯಾಸ ಇದೆ. ಬೇರೆ ಯಾವ ಮುಲಾಮು ಹಚ್ಚಬಹುದು?

ಉತ್ತರ 1
ಸರ್, ನಾನು ಡ್ರೆಸ್ಸಿಂಗ್ ಮಾಡುವ ಕೆಲಸದಲ್ಲಿದ್ದೇನೆ. ಮೊದಲು ಆ ಒರೆಸೋದು ನಿಲ್ಲಿಸಿ. ಆ ಹಳದಿ ಪದರ ಹೆಚ್ಚಿನವರಲ್ಲಿ ಕೀವಲ್ಲ, ಗಾಯ ತಾನೇ ಕಟ್ಟಿಕೊಳ್ಳುವ ಹೊದಿಕೆ. ಅದನ್ನು ಕೀಳ್ತಾ ಇದ್ದರೆ ಅಡಿಯಲ್ಲಿ ಬರ್ತಿರೋ ಹೊಸ ಚರ್ಮವೂ ಕಿತ್ತು ಬರುತ್ತದೆ. ಖಾರವಾದ ಆಂಟಿಸೆಪ್ಟಿಕ್ ಕ್ರಿಮಿಗಳ ಜೊತೆ ಹೊಸ ಜೀವಕೋಶಗಳನ್ನೂ ಸಾಯಿಸುತ್ತದೆ. ಡಾಕ್ಟರ್ ಬೇರೆ ಏನೂ ಹೇಳಿಲ್ಲ ಅಂದ್ರೆ ಬರೀ ನೀರಲ್ಲಿ ತೊಳೆದು, ಮೆತ್ತಗೆ ಒತ್ತಿ ಒಣಗಿಸಿ. ಕೆಳಭಾಗದ ಊತ ಕೆಲವು ವಾರ ಇರಬಹುದು. ಮೈಗೆ ಹತ್ತಿಕೊಳ್ಳುವ ಒಳಉಡುಪು ಹಾಕಿ ಶಿಶ್ನವನ್ನು ಮೇಲ್ಮುಖವಾಗಿ ಇಟ್ಟುಕೊಂಡರೆ ಬೇಗ ಇಳಿಯುತ್ತದೆ. ನಿದ್ದೆಯಲ್ಲಿ ನಿಮಿರುವಾಗ ಹೊಲಿಗೆ ಎಳೆದು ಬಿಡೋದೂ ಉಂಟು, ಮಲಗುವ ಮೊದಲು ಮೂತ್ರ ಮಾಡಿ ಬನ್ನಿ.

ಉತ್ತರ 2
ಮುಲಾಮು ಆಮೇಲೆ ನೋಡೋಣ, ಶುಗರ್ ನೋಡಿಸಿದ್ದೀರಾ? ದೊಡ್ಡ ವಯಸ್ಸಲ್ಲಿ ಮುಂದೊಗಲು ಬಿಗಿಯಾಗಿ ಬಿರುಕು ಬಿಡೋಕೆ ಶುರುವಾದರೆ ಅದೇ ಎಷ್ಟೋ ಜನರಲ್ಲಿ ಸಕ್ಕರೆ ಕಾಯಿಲೆಯ ಮೊದಲ ಸುಳಿವು. ಸಕ್ಕರೆ ಏರಿದ್ದರೆ ಬಿಳಿ ರಕ್ತಕಣಗಳು ಸರಿಯಾಗಿ ಕೆಲಸ ಮಾಡಲ್ಲ, ಸಣ್ಣ ರಕ್ತನಾಳಗಳೂ ಹಾಳಾಗುತ್ತವೆ, ಹಾಗಾಗಿ ಮಾಯುವುದು ನಿಧಾನ, ಸೋಂಕು ಹಿಡಿಯುವುದು ಬೇಗ. ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ರಕ್ತಪರೀಕ್ಷೆ) ಮಾಡಿಸಿ, 6.5% ಅಥವಾ ಜಾಸ್ತಿ ಬಂದರೆ ಸಕ್ಕರೆ ಕಾಯಿಲೆ ಅಂತಲೇ ಲೆಕ್ಕ. ಸಿಗರೇಟನ್ನು ಗಾಯ ಮಾಯೋವರೆಗಾದರೂ ದಯವಿಟ್ಟು ಬಿಡಿ. ನಿಕೋಟಿನ್ ರಕ್ತನಾಳ ಬಿಗಿ ಮಾಡುತ್ತದೆ, ಹೊಗೆಯಲ್ಲಿರೋ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕದ ಜಾಗ ಕಸಿದುಕೊಳ್ಳುತ್ತದೆ. ಆಮ್ಲಜನಕ ಸಿಗದ ಗಾಯಕ್ಕೆ ಯಾವ ಮುಲಾಮು ಏನು ಮಾಡೀತು?

ಪ್ರಶ್ನೆ ಕೇಳಿದವರು
ಶುಗರ್ ಯಾವತ್ತೂ ನೋಡಿಸಿಲ್ಲ. ನಾಳೆಯೇ ಹೋಗ್ತೇನೆ. ಹೊಲಿಗೆ ಬಿಟ್ಟ ಕಡೆ ಮತ್ತೆ ಹಾಕಬೇಕಾ? ದಾಂಪತ್ಯ ಯಾವಾಗ ಶುರು ಮಾಡಬಹುದು?

ಉತ್ತರ 3
ಸಣ್ಣ ಬಾಯಿ ಸಾಮಾನ್ಯವಾಗಿ ತಳದಿಂದ ತುಂಬಿಕೊಂಡು ಬರುತ್ತದೆ, ಮತ್ತೆ ಹೊಲಿಯುವ ಅಗತ್ಯ ಅಪರೂಪ, ಆದರೂ ಒಮ್ಮೆ ತೋರಿಸಿ. ಸಂಭೋಗಕ್ಕೆ 6 ವಾರ ತಡೆಯಿರಿ, ಹಸ್ತಮೈಥುನವೂ ಬೇಡ. ಮೇಲೆ ಒಣಗಿದಂತೆ ಕಂಡರೂ ಒಳಗೆ ಬಲ ಬಂದಿರೋದಿಲ್ಲ. ಕೆಂಪು ಹರಡುತ್ತಾ ಹೋದರೆ, ನೋವು ಏರಿದರೆ, ವಾಸನೆ ಬಂದರೆ, ಜ್ವರ ಬಂದರೆ, ಮೂತ್ರ ಕಟ್ಟಿದರೆ ಅಥವಾ 10 ನಿಮಿಷ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಸ್ಟೆರಾಯ್ಡ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ ಡಾಕ್ಟರಿಗೆ ತಿಳಿಸಿ, ಆದರೆ ನೀವಾಗಿ ನಿಲ್ಲಿಸಬೇಡಿ. ಇನ್ನೊಂದು, ತೆಗೆದ ಚರ್ಮವನ್ನು ಪರೀಕ್ಷೆಗೆ ಕಳಿಸಿದ್ದಾರಾ ಅಂತ ಕೇಳಿ. ಬಿಗಿಯಾದ ಮುಂದೊಗಲಲ್ಲಿ ಲೈಕೆನ್ ಸ್ಕ್ಲೆರೋಸಸ್ ಅನ್ನೋ ಚರ್ಮದ ಕಾಯಿಲೆ ಇದ್ದಿರಬಹುದು. ಅದಿದ್ದರೆ ಗಾಯ ಮಾಯ್ದ ಮೇಲೂ ಆಗಾಗ ತೋರಿಸಿಕೊಳ್ಳಬೇಕಾಗುತ್ತದೆ.