ಅಕ್ಕನಿಗೆ ಎನ್‌ಎಂಒ ಇರಬಹುದಂತೆ, ಅನುಭವ ಇದ್ದವರು ಹೇಳಿ

ಪ್ರಶ್ನೆ: ಅಕ್ಕನಿಗೆ ಬಲಗಣ್ಣು ಮಂಜಾಗಿ, ಹತ್ತೇ ದಿನದಲ್ಲಿ ಎರಡೂ ಕಾಲು ಜೋಮು ಹಿಡಿದವು. ಮೊದಲು ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ದೇಹದ ರೋಗನಿರೋಧಕ ಶಕ್ತಿಯೇ ಮಿದುಳು, ಬೆನ್ನುಹುರಿಗೆ ಹಾನಿ ಮಾಡುವ ಕಾಯಿಲೆ) ಎಂದರು, ಈಗ ಎನ್‌ಎಂಒ (ನ್ಯೂರೋಮೈಲೈಟಿಸ್ ಆಪ್ಟಿಕಾ, ಅದೇ ಥರ ಹೆಚ್ಚಾಗಿ ಕಣ್ಣಿನ ನರ, ಬೆನ್ನುಹುರಿಯ ಮೇಲೆ ದಾಳಿ ಮಾಡುವ ಬೇರೆ ಕಾಯಿಲೆ) ಇರಬಹುದು ಅನ್ನುತ್ತಿದ್ದಾರೆ. ಐದು ದಿನದ ಸ್ಟೀರಾಯ್ಡ್ ಡ್ರಿಪ್ ಮುಗಿಯಿತು, ಅಷ್ಟೇನೂ ಸುಧಾರಿಸಿಲ್ಲ. ಡಾಕ್ಟರ ಹತ್ತಿರ ಏನು ಕೇಳಬೇಕು?

ಉತ್ತರ: ಅಕ್ವಾಪೊರಿನ್-4 ಆಂಟಿಬಾಡಿ ಪರೀಕ್ಷೆ (ಎನ್‌ಎಂಒ ಗುರುತಿಸುವ ರಕ್ತಪರೀಕ್ಷೆ) ಆಗಿದೆಯಾ? ಅದನ್ನೇ ಮೊದಲು ಕೇಳಿ. ಜೊತೆಗೆ ಇದನ್ನೇ ಹೋಲುವ ಇನ್ನೊಂದು ಕಾಯಿಲೆಯನ್ನು ಗುರುತಿಸುವ ಎಂಒಜಿ ಆಂಟಿಬಾಡಿಯದ್ದೂ ಆಗಲಿ. ನನಗೂ ಎಂಎಸ್ ಅಂತಲೇ ಇಂಟರ್‌ಫೆರಾನ್ ಚುಚ್ಚುಮದ್ದು ಶುರು ಮಾಡಿದ್ದರು. ನಾಲ್ಕು ತಿಂಗಳಲ್ಲಿ ಸೊಂಟದ ಕೆಳಗೆ ಸ್ವಾಧೀನವೇ ತಪ್ಪಿತು. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್, ಫಿಂಗೊಲಿಮಾಡ್, ನಟಾಲಿಜುಮ್ಯಾಬ್ ಈ ಕಾಯಿಲೆಯನ್ನು ಕೆರಳಿಸಬಹುದು ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಎಂಆರ್‌ಐನಲ್ಲಿ ನನ್ನ ಬೆನ್ನುಹುರಿಯ ಊತ ಬೆನ್ನುಮೂಳೆಯ ಐದು ಮಣಿಗಳಷ್ಟು ಉದ್ದ ಇತ್ತು; ಮೂರು ಅಥವಾ ಹೆಚ್ಚು ಇದ್ದರೇ ಎನ್‌ಎಂಒ ಅನುಮಾನ ಪಡಬೇಕಂತೆ.

ಸ್ಟೀರಾಯ್ಡ್ ಹಿಡಿಯದಿದ್ದರೆ ಪ್ಲಾಸ್ಮಾ ಎಕ್ಸ್‌ಚೇಂಜ್ ಇದೆ, ಅಂದರೆ ರಕ್ತದ ದ್ರವಭಾಗವನ್ನು ಆಂಟಿಬಾಡಿ ಸಮೇತ ತೆಗೆದು ಬೇರೆ ದ್ರವ ತುಂಬುವುದು. ನನಗೆ ದಿನ ಬಿಟ್ಟು ದಿನ ಐದು ಸಲ ಮಾಡಿದರು, ಮೂರನೆಯದರ ಹೊತ್ತಿಗೆ ಕಾಲ್ಬೆರಳು ಅಲುಗಿತು. ತಡವಾದಷ್ಟೂ ಫಲ ಕಡಿಮೆ, ಹಾಗಾಗಿ ‘ನೋಡೋಣ’ ಅಂದರೆ ಎಷ್ಟು ದಿನ ನೋಡೋಣ ಅಂತ ಕೇಳಿ. ಆಂಟಿಬಾಡಿಗೆ ರಕ್ತ ಮಾತ್ರ ಪ್ಲಾಸ್ಮಾಗೆ ಮುಂಚೆಯೇ ತೆಗೆಸಿ. ಆಮೇಲೆ ತೆಗೆದರೆ ಅದೂ ಸೋಸಿಹೋಗಿ ಸುಳ್ಳು ನೆಗೆಟಿವ್ ಬರಬಹುದು.

ಉತ್ತರ: ನನ್ನ ಹೆಂಡತಿಗೆ ಕಣ್ಣೂ ಅಲ್ಲ, ಕಾಲೂ ಅಲ್ಲ, ಶುರುವಾಗಿದ್ದು ಬಿಕ್ಕಳಿಕೆಯಿಂದ! ಎರಡು ವಾರ ಬಿಕ್ಕಳಿಕೆ, ವಾಂತಿ. ಗ್ಯಾಸ್ ಮಾತ್ರೆ ನುಂಗಿಸಿದೆವು, ಎಂಡೋಸ್ಕೋಪಿ ಮಾಡಿಸಿದೆವು, ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಮಿದುಳಿನ ಬುಡದಲ್ಲಿ ವಾಂತಿಯನ್ನು ಹತೋಟಿಯಲ್ಲಿಡುವ ಜಾಗವಿದೆಯಂತೆ, ಊತ ಅಲ್ಲಿತ್ತು. ಹಳೆಯದನ್ನೆಲ್ಲ ನೆನಪಿಸಿಕೊಂಡು ಡಾಕ್ಟರಿಗೆ ಹೇಳಿ.

ಉತ್ತರ: ಆಂಟಿಬಾಡಿ ಪಾಸಿಟಿವ್ ಬಂದರೆ, ಅಕ್ಕ ಎದ್ದು ಓಡಾಡಿದರೂ ತಡೆಯುವ ಔಷಧಿ ಬಿಡಬಾರದು. ಈ ಕಾಯಿಲೆ ಪ್ರತಿ ದಾಳಿಯಲ್ಲೂ ಏನಾದರೊಂದು ಕಿತ್ತುಕೊಂಡೇ ಹೋಗುತ್ತದೆ. ಚೆನ್ನಾಗಿದ್ದೀನಲ್ಲ ಅಂತ ನಾನೇ ಅಜಾತಯೋಪ್ರಿನ್ ನಿಲ್ಲಿಸಿದೆ, ಎಡಗಣ್ಣು ಹೋಯಿತು. ಈಗ ಆರು ತಿಂಗಳಿಗೊಮ್ಮೆ ರಿಟುಕ್ಸಿಮ್ಯಾಬ್. ದಿನಾ ಬೆಳಿಗ್ಗೆ ಕೆಂಪು ಬಣ್ಣದ್ದೇನಾದರೂ ನೋಡುತ್ತೇನೆ. ಕೆಂಪು ಮಾಸಿದಂತೆ ಕಂಡರೆ ಕಣ್ಣಿನ ನರಕ್ಕೆ ಮತ್ತೆ ದಾಳಿ ಇರಬಹುದು ಅಂತ ಅವತ್ತೇ ಡಾಕ್ಟರಿಗೆ ಫೋನ್.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ರಕ್ತ ಮೊದಲೇ ತೆಗೆದಿದ್ದಾರಂತೆ, ಪ್ಲಾಸ್ಮಾ ನಾಳೆಯಿಂದ. ಬಿಕ್ಕಳಿಕೆಯ ವಿಷಯ ಓದಿ ಅಕ್ಕನನ್ನು ಕೇಳಿದೆ. ಎರಡು ತಿಂಗಳ ಹಿಂದೆ ಒಂದು ವಾರ ಬಂದಿತ್ತಂತೆ, ತಾನಾಗಿಯೇ ನಿಂತಿದ್ದಕ್ಕೆ ಯಾರಿಗೂ ಹೇಳಿರಲಿಲ್ಲ.