ಕ್ಯೂ ಇದೆ, ಯು ಇಲ್ಲ: ಐದಕ್ಷರದ ಇಂಗ್ಲಿಷ್ ಪದಗಳು

ಕೇಳಿರುವುದು ಇಷ್ಟು: ಐದೇ ಅಕ್ಷರಗಳ, ಕ್ಯೂ ಇದ್ದೂ ಯು ಇಲ್ಲದ ಇಂಗ್ಲಿಷ್ ಪದಗಳು ಯಾವುವು, ಅವುಗಳ ಅರ್ಥವೇನು?

ಮೊದಲು ಪದಗಳನ್ನೇ ಕೊಡುತ್ತೇನೆ. ಕನ್ನಡ ಲಿಪಿಯಲ್ಲಿ ಬರೆದಾಗ ಅಕ್ಷರಗಳ ಎಣಿಕೆ ತಪ್ಪುವುದರಿಂದ ಕಾಗುಣಿತವನ್ನೂ ಬಿಡಿಸಿ ಬರೆದಿದ್ದೇನೆ. ಎಫ್-ಎ-ಕ್ಯೂ-ಐ-ಆರ್, ಫಕೀರ್. ಎನ್-ಐ-ಕ್ಯೂ-ಎ-ಬಿ, ನಿಕಾಬ್, ಮುಖ ಮುಚ್ಚುವ ಪರದೆ. ಟಿ-ಎ-ಎಲ್-ಎ-ಕ್ಯೂ, ತಲಾಕ್. ಕ್ಯೂ-ಐ-ಬಿ-ಎಲ್-ಎ, ಕಿಬ್ಲಾ, ನಮಾಜಿನ ವೇಳೆ ಮುಖ ಮಾಡಿ ನಿಲ್ಲುವ ಮೆಕ್ಕಾದ ದಿಕ್ಕು. ಕ್ಯೂ-ಎ-ಪಿ-ಐ-ಕೆ, ಕಪಿಕ್, ಅಜರ್‌ಬೈಜಾನಿನ ಚಿಲ್ಲರೆ ನಾಣ್ಯ. ನೂರು ಕಪಿಕ್ ಸೇರಿದರೆ ಒಂದು ಮನಾತ್. ಕ್ಯೂ-ಎ-ಎನ್-ಎ-ಟಿ, ಕನಾತ್. ಈ ಗುಂಪಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಪದ ಇದು. ಇರಾನ್ ಮತ್ತು ಅದರ ಸುತ್ತಲಿನ ಒಣನಾಡುಗಳಲ್ಲಿ ಬೆಟ್ಟದ ತಪ್ಪಲಿನ ಅಂತರ್ಜಲವನ್ನು ನೆಲದೊಳಗಿನ ಸುರಂಗದ ಮೂಲಕ, ಬರೀ ಇಳಿಜಾರಿನ ಬಲದಿಂದ, ಊರಿಗೂ ಹೊಲಗಳಿಗೂ ಹರಿಸಿ ತರುವ ಕಾಲುವೆಗೆ ಈ ಹೆಸರು. ನೀರು ನೆಲದಡಿಯಲ್ಲೇ ಸಾಗುವುದರಿಂದ ಬಿಸಿಲಿಗೆ ಆವಿಯಾಗಿ ಹೋಗುವುದು ಕಡಿಮೆ.

ಕೊನೆಯದು ಟಿ-ಆರ್-ಎ-ಎನ್-ಕ್ಯೂ, ಟ್ರ್ಯಾಂಕ್. ಇದರ ದಾರಿಯೇ ಬೇರೆ. ಮನಸ್ಸನ್ನು ಶಾಂತಗೊಳಿಸುವ ಔಷಧಿಗೆ ಇಂಗ್ಲಿಷಿನಲ್ಲಿರುವ ಟ್ರ್ಯಾಂಕ್ವಿಲೈಸರ್ ಎಂಬ ಉದ್ದದ ಹೆಸರನ್ನು ಮಾತಿನಲ್ಲಿ ಮೊಟಕು ಮಾಡುವಾಗ ಸರಿಯಾಗಿ ಯು ಅಕ್ಷರಕ್ಕೆ ಮುಂಚೆಯೇ ಕತ್ತರಿ ಬಿದ್ದು ಹುಟ್ಟಿದ ರೂಪ. ಯು ಇದ್ದ ಪದವೇ ಅದನ್ನು ಕಳೆದುಕೊಂಡ ಉದಾಹರಣೆ.

ಇಲ್ಲಿ ಪ್ರಶ್ನೆಯ ಮಾತನ್ನು ಸ್ವಲ್ಪ ಬಿಗಿಗೊಳಿಸಬೇಕು. 'ಯು ಇಲ್ಲದ' ಎನ್ನುವುದು ಒಂದು, 'ಕ್ಯೂ ಆದಮೇಲೆ ಯು ಬರದ' ಎನ್ನುವುದು ಇನ್ನೊಂದು. ಬುರ್ಖಾ ಪದವನ್ನು ನೋಡಿ: ಬಿ-ಯು-ಆರ್-ಕ್ಯೂ-ಎ. ಯು ಇದೆ, ಆದರೆ ಕ್ಯೂ ಅಕ್ಷರಕ್ಕಿಂತ ಮುಂಚೆಯೇ ಬಂದಿದೆ. ಉತ್ತರ ಧ್ರುವದ ಕಡೆಯ ಇನ್ಯುಯಿಟ್ ಜನರ ತೊಗಲಿನ ದೋಣಿಯ ಹೆಸರು ಯು-ಎಂ-ಐ-ಎ-ಕ್ಯೂ ಕೂಡ ಇಂಥದ್ದೇ. ಮೊದಲನೆಯ ಅರ್ಥದಲ್ಲಿ ಇವೆರಡೂ ಹೊರಗೆ, ಎರಡನೆಯದರಲ್ಲಿ ಒಳಗೆ. ಕೆಲವೊಮ್ಮೆ ಪದಬಂಧದ ಸುಳಿವು ಬರೆಯುವವರೂ ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ. ಬಿಡಿಸುವವರು ಗಂಟೆಗಟ್ಟಲೆ ತಡಕಾಡುತ್ತಾರೆ.

ಈಗ ಕಾರಣಕ್ಕೆ ಬರೋಣ. ಹಳೆಯ ಇಂಗ್ಲಿಷಿನಲ್ಲಿ 'ಕ್ವ' ಉಚ್ಚಾರವನ್ನು ಸಿ-ಡಬ್ಲ್ಯು ಎಂದೇ ಬರೆಯುತ್ತಿದ್ದರು. ಇಂದಿನ ಕ್ವೀನ್ ಆಗ ಸಿ-ಡಬ್ಲ್ಯು-ಇ-ಎನ್. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ರೂಢಿಯ ಲಿಪಿಕಾರರು ತಮಗೆ ಅಭ್ಯಾಸವಾಗಿದ್ದ ಕ್ಯೂ-ಯು ಜೋಡಿಯನ್ನು ತಂದರು. ಕಾಲಕ್ರಮದಲ್ಲಿ ಅದೇ ನಿಯಮದಂತಾಯಿತು. ಹಾಗಾಗಿ ಆ ಜೋಡಿಯನ್ನು ಮುರಿದ ಪದ ಕಂಡರೆ ಅದು ಬಹುಮಟ್ಟಿಗೆ ಆಮೇಲೆ ಹೊರಗಿನಿಂದ ಬಂದದ್ದು ಎಂದೇ ತಿಳಿಯಬಹುದು. ಅದರಲ್ಲೂ ಅರಬ್ಬಿಯ ಪಾಲು ದೊಡ್ಡದು. ಅರಬ್ಬಿಯಲ್ಲಿ ಕಕಾರದಂಥ ಧ್ವನಿಗಳು ಎರಡಿವೆ. ಗಂಟಲ ಹತ್ತಿರ, ನಾಲಗೆಯ ಬುಡದಲ್ಲಿ ಹುಟ್ಟುವ ಧ್ವನಿಯನ್ನು ರೋಮನ್ ಲಿಪಿಯಲ್ಲಿ ಬೇರೆಯಾಗಿ ತೋರಿಸಲು ಕ್ಯೂ ಅಕ್ಷರವನ್ನು ಬಳಸಿದರು. ಮೇಲಿನ ಪಟ್ಟಿಯ ಫಕೀರ್, ನಿಕಾಬ್, ತಲಾಕ್, ಕಿಬ್ಲಾ, ಕನಾತ್ ಎಲ್ಲದರಲ್ಲೂ ಇರುವುದು ಆ ಧ್ವನಿಯೇ. ಚೀನಾದಿಂದ ಬಂದ ಎರಡಕ್ಷರದ ಕ್ಯೂ-ಐ ಮಾತ್ರ ಬೇರೆ ಬಗೆಯದು. ಅದರ ಉಚ್ಚಾರ 'ಚೀ'. ಪ್ರಾಣಶಕ್ತಿ ಎಂಬರ್ಥದ ಈ ಪುಟ್ಟ ಪದ, ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಡುವವರಿಗೆ ಪ್ರಾಣವೇ ಸರಿ. ಏಕೆಂದರೆ ಆ ಆಟದ ಇಂಗ್ಲಿಷ್ ಆವೃತ್ತಿಯ ನೂರು ಬಿಲ್ಲೆಗಳಲ್ಲಿ ಕ್ಯೂ ಇರುವುದು ಒಂದು, ಯು ಇರುವುದು ನಾಲ್ಕೇ. ಹತ್ತು ಅಂಕದ ಕ್ಯೂ ಕೈಗೆ ಬಂದು ಯು ಬರದಿದ್ದರೆ ಬಿಡುಗಡೆಗೆ ಇಂಥ ಪದವೇ ಬೇಕು.

ಆ ಬಿಲ್ಲೆಗಳ ಲೆಕ್ಕವೂ ಅಂದಾಜಿನ ಮೇಲೆ ಬಂದದ್ದಲ್ಲ. 1930ರ ದಶಕದಲ್ಲಿ ಆಟವನ್ನು ರೂಪಿಸಿದ ಆಲ್ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿ ಪತ್ರಿಕೆಗಳ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಕೂತು ಎಣಿಸಿದರು. ಇ ಅಕ್ಷರಕ್ಕೆ ಹನ್ನೆರಡು ಬಿಲ್ಲೆ ಸಿಕ್ಕಿತು. ಎಸ್ ಅಕ್ಷರವನ್ನು ಮಾತ್ರ ಬೇಕೆಂದೇ ನಾಲ್ಕಕ್ಕೆ ನಿಲ್ಲಿಸಿದರು. ಇಲ್ಲವಾದರೆ ಎಲ್ಲರೂ ಬಹುವಚನ ಮಾಡಿಯೇ ಗೆದ್ದುಬಿಡುತ್ತಿದ್ದರು.

ಬಹುವಚನದ ವಿಷಯ ನಮ್ಮ ಪ್ರಶ್ನೆಗೂ ತಟ್ಟುತ್ತದೆ. ಖಾಜಿಯ ಒಂದು ಕಾಗುಣಿತ ಕ್ಯೂ-ಎ-ಡಿ-ಐ. ಹೀಬ್ರೂ ಅಕ್ಷರವೊಂದರ ಹೆಸರು ಕ್ಯೂ-ಒ-ಪಿ-ಎಚ್. ನಾಲ್ಕಕ್ಷರದ ಇವಕ್ಕೆ ಎಸ್ ಸೇರಿಸಿದರೆ ಐದಾಯಿತು, ಸ್ಕ್ರ್ಯಾಬಲ್‌ನಲ್ಲಿ ನಡೆಯುತ್ತದೆ. ವರ್ಡಲ್‌ನಲ್ಲಿ ಇಂಥ ರೂಪವನ್ನು ಗುರಿಪದವೆಂದು, ಅಂದರೆ ಆಟಗಾರರು ಊಹಿಸಬೇಕಾದ ಐದಕ್ಷರದ ಗುಟ್ಟಿನ ಪದವೆಂದು, ನಿರೀಕ್ಷಿಸುವುದು ವ್ಯರ್ಥ. 2021ರಲ್ಲಿ ಹೊರಬಂದ ಆ ಆಟವನ್ನು ಮಾಡಿದ ಜಾಶ್ ವಾರ್ಡಲ್ ಅವರ ಸಂಗಾತಿ ಪಾಲಕ್ ಷಾ, ಐದಕ್ಷರದ ಸುಮಾರು 12,000 ಪದಗಳನ್ನು ಸೋಸಿ, ಜನಕ್ಕೆ ಪರಿಚಯವಿರುವ ಸುಮಾರು 2,500ನ್ನು ಉಳಿಸಿಕೊಂಡರು. ಕತಾರ್ ದೇಶದ ಹೆಸರೂ ಐದಕ್ಷರದ್ದೇ, ಯು ಇಲ್ಲದ್ದೇ. ಆದರೆ ಅದು ಅಂಕಿತನಾಮವಾದ್ದರಿಂದ ಎರಡೂ ಕಡೆ ಸಲ್ಲದು. ಆದ್ದರಿಂದ ಯಾವ ನಿಘಂಟಿನ ಪ್ರಕಾರ, ಯಾವ ಆಟಕ್ಕೆ ಎಂದು ಹೇಳದೆ 'ಒಟ್ಟು ಎಷ್ಟು ಪದ' ಎಂದು ಕೇಳಿದರೆ ಖಚಿತ ಸಂಖ್ಯೆ ಕೊಡಲು ಬರುವುದಿಲ್ಲ.

ಪಟ್ಟಿಯನ್ನು ಉರು ಹೊಡೆಯುವುದಕ್ಕಿಂತ, ಯಾವ ಅಕ್ಷರ ಪದದ ಯಾವ ಜಾಗದಲ್ಲಿ ಕೂರಲು ಒಪ್ಪುತ್ತದೆ, ಯಾಕೆ ಎಂದು ತಿಳಿಯುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ವಿ ಅಕ್ಷರ ಇಂಗ್ಲಿಷ್ ಪದದ ಕೊನೆಯಲ್ಲಿ ಒಂಟಿಯಾಗಿ ಸಿಗುವುದು ಬಲು ಅಪರೂಪ. ಹ್ಯಾವ್, ಗಿವ್, ಲವ್ ಎಲ್ಲಕ್ಕೂ ಉಚ್ಚಾರವಿಲ್ಲದ ಇ ಬಾಲವಿದೆ. ಒಂದು ಕಾಲಕ್ಕೆ ಯು ಮತ್ತು ವಿ ಒಂದೇ ಅಕ್ಷರದ ಎರಡು ರೂಪಗಳಾಗಿದ್ದವು. ಕೊನೆಯಲ್ಲಿ ಅದನ್ನು ಸ್ವರವೆಂದು ಓದಿಬಿಡಬಾರದೆಂದು ಇ ಹಚ್ಚುತ್ತಿದ್ದರು. ಅಕ್ಷರಗಳು ಬೇರೆಯಾದರೂ ಬಾಲ ಉದುರಲಿಲ್ಲ. ಜೆ ಕಥೆಯೂ ಹೀಗೆಯೇ. ಅದು ಐ ಅಕ್ಷರದಿಂದ ಬಿಡಿಸಿಕೊಂಡು ನಿಂತದ್ದು ಹದಿನೇಳನೆಯ ಶತಮಾನದಲ್ಲಿ. ಅಷ್ಟರೊಳಗೆ ಪದಾಂತ್ಯದ 'ಜ್' ಧ್ವನಿಗೆ ಡಿ-ಜಿ-ಇ ರೂಢಿಯಾಗಿತ್ತು. ಬ್ರಿಡ್ಜ್, ಜಡ್ಜ್ ನೋಡಿ. ಜೆ ಕೊನೆಯಾಗುವ ಪದಗಳೆಂದರೆ ರಾಜ್, ಹಜ್, ಸ್ವರಾಜ್‌ನಂಥ ಆಮದುಗಳೇ.

ಎ, ಇ, ಐ, ಒ, ಯು ಐದೂ ಇಲ್ಲದ ಐದಕ್ಷರದ ಪದ ಬೇಕೆಂದು ಕೇಳುವವರೂ ಇದ್ದಾರೆ. ಅಲ್ಲಿ ಗ್ರೀಕ್ ಮೂಲದ ಪದಗಳ ಕಡೆ ತಿರುಗಿ. ಗ್ರೀಕಿನ ಉಪ್ಸಿಲಾನ್ ಲ್ಯಾಟಿನ್ ಮೂಲಕ ವೈ ಆಗಿ ಬಂದಿತು. ನಿಂಫ್, ಲಿಂಫ್, ಕ್ರಿಪ್ಟ್, ಗ್ಲಿಫ್ ಸಿಕ್ಕವು. ವೈ ಕೂಡ ಬೇಡವೆಂದರೆ ವೇಲ್ಸಿನ ತಂತಿವಾದ್ಯ ಕ್ರೂತ್ ಇದೆ: ಸಿ-ಆರ್-ಡಬ್ಲ್ಯು-ಟಿ-ಎಚ್. ವೆಲ್ಷ್ ಭಾಷೆಯಲ್ಲಿ ಡಬ್ಲ್ಯು ಸ್ವರವಾಗಿಯೂ ನಡೆಯುತ್ತದೆ.

ಹುಡುಕುವ ವಿಧಾನದ ಬಗ್ಗೆ ಒಂದು ಮಾತು. ಸಾಮಾನ್ಯ ನಿಘಂಟು ಮೊದಲ ಅಕ್ಷರದಿಂದ ಜೋಡಣೆಯಾಗಿರುವುದರಿಂದ ಕೊನೆಯ ಅಕ್ಷರ ಮಾತ್ರ ಗೊತ್ತಿರುವವರಿಗೆ ಅದು ನೆರವಾಗದು. ಜಾನ್ ವಾಕರ್ 1775ರಲ್ಲೇ ಪದಗಳನ್ನು ಕೊನೆಯಿಂದ ಹಿಂದಕ್ಕೆ ಜೋಡಿಸಿದ ಪ್ರಾಸನಿಘಂಟನ್ನು ಮಾಡಿದ್ದರು. ಇವತ್ತು ಪದಪಟ್ಟಿಯ ಕಡತವೊಂದು ಕಂಪ್ಯೂಟರಿನಲ್ಲಿದ್ದರೆ ಸಾಕು: ಗೊತ್ತಿರುವ ಅಕ್ಷರವನ್ನು ಅದರ ಜಾಗದಲ್ಲಿಟ್ಟು, ಗೊತ್ತಿಲ್ಲದ ಪ್ರತಿ ಅಕ್ಷರಕ್ಕೂ ಒಂದು ಚುಕ್ಕೆಯಿಟ್ಟು, ಕಡತದಲ್ಲಿ ಹೊಂದುವ ಸಾಲುಗಳನ್ನು ಹುಡುಕಿಕೊಡುವ ಗ್ರೆಪ್ (grep) ಆದೇಶಕ್ಕೆ ಕೊಡಿ. ಆರಂಭಕ್ಕೆ ಮೇಲ್ಮೊನೆ ಚಿಹ್ನೆಯನ್ನೂ (^) ಅಂತ್ಯಕ್ಕೆ ಡಾಲರ್ ಚಿಹ್ನೆಯನ್ನೂ ($) ಹಾಕಲು ಮರೆಯಬೇಡಿ. ಅವಿಲ್ಲದಿದ್ದರೆ ಐದಕ್ಷರದ ಜೊತೆಗೆ ಅದಕ್ಕಿಂತ ಉದ್ದದ ಪದಗಳೂ ಬಂದು ಬೀಳುತ್ತವೆ.